ಹೊಲಿಗೆ ಕೋಣೆಯಲ್ಲಿ ಹಳೇ ಹಿಂದಿ ಸಿನಿಮಾ: ಎಲ್ಲಿಂದ ಶುರು ಮಾಡೋದು, ಹೇಗೆ ನೋಡೋದು

ನಮ್ಮ ದಾವಣಗೆರೆಯಲ್ಲಿ ನರ್ಗೀಸ್ ಅಂದರೆ ಮೊದಲು ನೆನಪಾಗೋದು ಮಂಡಕ್ಕಿ. ಹುರಿಗಡಲೆ ಪುಡಿ, ಈರುಳ್ಳಿ, ಕೊತ್ತಂಬರಿ ಹಾಕಿ ಕಲಸಿದ ನರ್ಗೀಸ್ ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ. ನನ್ನ ಹತ್ತಿರ ಏಳು ಹುಡುಗಿಯರು ಹೊಲಿಗೆ ಕಲಿಯಲು ಬರುತ್ತಾರೆ. ಒಂದು ದಿನ ಸಂಜೆ ಮಂಡಕ್ಕಿ ಪೊಟ್ಟಣ ಬಿಚ್ಚುತ್ತಾ ಕೇಳಿದೆ, "ನರ್ಗೀಸ್ ಅಂದರೆ ಯಾರು ಗೊತ್ತೇನ್ರೇ?" ಹಳೇ ಹಿಂದಿ ಸಿನಿಮಾದ ನಾಯಕಿ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬಳು ಮಾತ್ರ, "ಮೊದಲು ಮಂಡಕ್ಕಿ ಮಾಡಿದವರಾ ಅಕ್ಕಾ?" ಅಂದಳು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮಪ್ಪ ಚೌಕಿಪೇಟೆಯಲ್ಲಿ ಟೈಲರ್ ಆಗಿದ್ದರು. ಹಿಂದಿ ಓದಲು ಬರುತ್ತಿರಲಿಲ್ಲ. ಆದರೆ ಹಳೇ ಹಿಂದಿ ಹಾಡು ಒಂದೊಂದೂ ಬಾಯಿಪಾಠ. ಅವರಿಂದ ನನಗೆ ಬಂದ ಆಸ್ತಿ ಅಂದರೆ ಒಂದು ಕತ್ತರಿ, ಕಾಲಲ್ಲಿ ತುಳಿಯುವ ಒಂದು ಮಿಷನ್, ಆಮೇಲೆ ಈ ಸಿನಿಮಾಗಳ ಹುಚ್ಚು. ಕತ್ತರಿ ಹಿಡಿಯೋದನ್ನು ಈ ಮಕ್ಕಳಿಗೆ ಕಲಿಸುತ್ತಿದ್ದೇನೆ, ಹುಚ್ಚನ್ನು ಯಾಕೆ ಕೊಡಬಾರದು? ಮುಂದಿನ ಭಾನುವಾರ ಮಧ್ಯಾಹ್ನದಿಂದಲೇ ಶುರು ಮಾಡಿದೆ. ಈಗ ಎರಡು ವರ್ಷ ಆಯಿತು. ನಿಮ್ಮ ಮನೆಯಲ್ಲೂ ಹೀಗೆ ನೋಡಬೇಕು ಅನಿಸಿದರೆ, ನಾನು ಕಂಡುಕೊಂಡಿದ್ದನ್ನು ಹೇಳುತ್ತೇನೆ. ಹಿಂದಿ ಅಷ್ಟಾಗಿ ಬಾರದವರಿಗೇ ಇದನ್ನು ಬರೆಯುತ್ತಿರೋದು.

ಮೊದಲು ಕಿವಿ, ಆಮೇಲೆ ಕಣ್ಣು

ಸಿನಿಮಾ ನೋಡುವ ಒಂದು ವಾರ ಮೊದಲೇ ಅದರ ಮೂರು ಹಾಡು ಆರಿಸಿಕೊಳ್ಳಿ. ದಿನಾ ಒಂದೆರಡು ಸಲ ಹಚ್ಚಿ. ಸುಮ್ನೆ ಕಿವಿಗೆ ಬೀಳಲಿ, ಅರ್ಥ ಹೇಳಲು ಹೋಗಬೇಡಿ. ನಮ್ಮಲ್ಲಿ ಮಿಷನ್ ತುಳಿಯುವಾಗ ಹಾಡು ಹಚ್ಚೋದಿಲ್ಲ, ಸದ್ದಿನಲ್ಲಿ ಮಾತು ಮುಳುಗಿ ಹೋಗುತ್ತದೆ. ಹೆಮ್ಮಿಂಗ್, ಕಾಜಾ, ಹುಕ್ಸ್ ಹಾಕುವ ಹೊತ್ತು ಇದೆಯಲ್ಲ, ಅದು ಹಾಡಿನ ಹೊತ್ತು. ಮನೆಯಲ್ಲಾದರೆ ಸೊಪ್ಪು ಬಿಡಿಸುವಾಗ, ಬಟ್ಟೆ ಮಡಚುವಾಗ. ಕೈಗೆ ಕೆಲಸ ಇರಬೇಕು, ಕೋಣೆ ಸದ್ದಿಲ್ಲದೆ ಇರಬೇಕು. ವಾರ ಕಳೆದು ಸಿನಿಮಾ ಹಚ್ಚಿದಾಗ ಆ ಹಾಡು ಬರುತ್ತದೆ ನೋಡಿ, ಹುಡುಗಿಯರ ಬೆನ್ನು ನೆಟ್ಟಗಾಗುತ್ತದೆ. ಗುರುತಿನವರು ಬಂದ ಹಾಗೆ.

ನಾನೇ ಕಟ್ಟಿದ ಉಪಾಯ ಅಲ್ಲ ಇದು. ನಮ್ಮ ಕಡೆಗೆ ಹಿಂದಿ ಸಿನಿಮಾ ಬಂದಿದ್ದೇ ಕಿವಿಯ ದಾರಿಯಲ್ಲಿ. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದಲ್ಲಿ ವಾರ್ತಾ ಮಂತ್ರಿಯಾಗಿದ್ದರು, ಆಕಾಶವಾಣಿ ಅವರ ಕೈಯಲ್ಲಿತ್ತು. ಸಿನಿಮಾ ಹಾಡು ಹಗುರ ಅಂತ ಅವರ ಎಣಿಕೆ. ಹಾಗಾಗಿ ಆಕಾಶವಾಣಿಯಿಂದ ಆ ಹಾಡುಗಳು ಮಾಯವಾದವು. ಜನ ಸುಮ್ಮನಿದ್ದರಾ? ಮುಳ್ಳು ತಿರುಗಿಸಿ ಶ್ರೀಲಂಕಾದ ರೇಡಿಯೋ ಸಿಲೋನ್ ಹಿಡಿದರು. ಅದೇ ವರ್ಷ ಅಲ್ಲಿ ಬಿನಾಕಾ ಗೀತ್‌ಮಾಲಾ ಅನ್ನುವ ಸಿನಿಮಾ ಹಾಡಿನ ಕಾರ್ಯಕ್ರಮ ಶುರುವಾಯಿತು. ಬುಧವಾರ ರಾತ್ರಿ ಎಂಟಕ್ಕೆ ನಿರೂಪಕ ಅಮೀನ್ ಸಯಾನಿ ಅವರ ದನಿ. ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧ ಭಾರತಿ ತೆರೆದು ಸಿನಿಮಾ ಹಾಡುಗಳನ್ನು ವಾಪಸ್ ಕರೆಯಿತು. ನಾನು ಚಿಕ್ಕವಳಿದ್ದಾಗಲೂ ಅಪ್ಪ ಬುಧವಾರ ರಾತ್ರಿ ಎಂಟಕ್ಕೆ ಮಿಷನ್ ನಿಲ್ಲಿಸುತ್ತಿದ್ದರು. ಒಂಬತ್ತರ ತನಕ ಕೈಹೊಲಿಗೆ ಮಾತ್ರ. ಅರ್ಜೆಂಟ್ ಪ್ಯಾಂಟಿನವರು ಬಂದರೂ, "ಕೂತ್ಕೊಳ್ಳಪ್ಪಾ, ಇದೊಂದು ಮುಗೀಲಿ" ಅನ್ನುತ್ತಿದ್ದರು.

ಮಾತು ಅರ್ಥ ಆಗದಿದ್ದರೆ

ಆಗುತ್ತದೆ. ನಿಮಗೆ ಗೊತ್ತಿಲ್ಲದೆ ಅರ್ಧ ಆಗಲೇ ಬಂದಿದೆ. ಆ ಕಾಲದ ಸಿನಿಮಾ ಮಾತಿನಲ್ಲಿ ಉರ್ದು ಜಾಸ್ತಿ. ಉರ್ದುವಿನ ಎಷ್ಟೋ ಮಾತು ನಮ್ಮ ಕನ್ನಡದ ಒಳಗೇ ಓಡಾಡಿಕೊಂಡಿವೆ. ಜಮೀನು, ವಕೀಲ, ಅರ್ಜಿ, ಖುಷಿ, ಜರೂರು, ಗುಲಾಮ, ಮಾಲೀಕ, ತಕರಾರು. ನಮ್ಮ ಕಸುಬಿನ ದರ್ಜಿ, ಅಸ್ತರ, ಜರಿ ಕೂಡ. ನಾನು ಗೋಡೆಗೆ ಒಂದು ರಟ್ಟು ತೂಗು ಹಾಕಿದ್ದೇನೆ. ಸಿನಿಮಾದಲ್ಲಿ ಕೇಳಿದ ಮಾತು ಕನ್ನಡದಲ್ಲೂ ಇದ್ದರೆ ಹುಡುಗಿಯರು ಅಲ್ಲಿ ಬರೆಯುತ್ತಾರೆ. ನೂರು ದಾಟಿದೆ.

ಉಳಿದ ಮಾತಿಗೆ ನಮಗೆ ಖಾಲಾ ಇದ್ದಾರೆ. ಪಕ್ಕದ ಮನೆಯವರು, ಮನೆಮಾತು ಉರ್ದು. "ಸಬ್‌ಟೈಟಲ್ ಓದಬೇಡ್ರಮ್ಮಾ, ಮುಖ ನೋಡ್ರಿ, ಮಾತು ನಾನು ಹೇಳ್ತೀನಿ" ಅಂತ ಗೋಡೆಗೆ ಒರಗಿ ಕೂರುತ್ತಾರೆ. ದಾವಣಗೆರೆ, ಚಿತ್ರದುರ್ಗದಲ್ಲಿ ಇಂಥ ಒಬ್ಬರು ಪಕ್ಕದ ಬೀದಿಯಲ್ಲೇ ಇರುತ್ತಾರೆ. ಹೋಗಿ ಕರೆಯಿರಿ. ಒಬ್ಬರೇ ಮೊಬೈಲಿನಲ್ಲಿ ನೋಡಿದರೆ ಕಥೆಯೇನೋ ಸಿಗುತ್ತದೆ. ಖಾಲಾ ಥರದವರು "ಅಯ್ಯೋ" ಅನ್ನುವ ಜಾಗ ಸಿಗೋದಿಲ್ಲ.

ಟಿವಿ ಸರಿ ಮಾಡಿಕೊಳ್ಳಿ

ಇದಕ್ಕೆ ಐದು ನಿಮಿಷ ಸಾಕು. ಆದರೆ ಬಿಡಬೇಡಿ. ಹಳೇ ಸಿನಿಮಾದ ಚಿತ್ರ ಹೆಚ್ಚುಕಡಿಮೆ ಚೌಕಾಕಾರ. ಈಗಿನ ಟಿವಿ ಉದ್ದ. ಟಿವಿ ಅದನ್ನು ಎಳೆದು ಪೂರ್ತಿ ತುಂಬಿಸಿದರೆ ಎಲ್ಲರೂ ದಪ್ಪಗೆ ಕಾಣುತ್ತಾರೆ. ರಿಮೋಟಿನಲ್ಲಿ ಪಿಕ್ಚರ್ ಸೈಜ್ ಹುಡುಕಿ 4:3 ಮಾಡಿ. ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಸರಿಯಾಗಿದೆಯಾ ಅಂತ ನೋಡಲು ಗಾಡಿ ಚಕ್ರ ಬರುವ ದೃಶ್ಯ ಹಚ್ಚಿ. ಚಕ್ರ ದುಂಡಗಿರಬೇಕು. ಮೊಟ್ಟೆ ಥರ ಇದ್ದರೆ ಇನ್ನೂ ಸರಿಯಾಗಿಲ್ಲ.

ಯೂಟ್ಯೂಬಿನಲ್ಲಿ ಹುಡುಕುವಾಗ ಅವಧಿ ನೋಡಿ. ಮದರ್ ಇಂಡಿಯಾ 172 ನಿಮಿಷ, ಮೊಘಲ್-ಎ-ಆಜಮ್ 197 ನಿಮಿಷ. ಎರಡು ಗಂಟೆಗೆ ಮುಗಿಯುವಂಥದ್ದು ಕಣ್ಣಿಗೆ ಬಿದ್ದರೆ ಯಾರೋ ಕತ್ತರಿ ಆಡಿಸಿದ್ದಾರೆ ಅಂತ ಅರ್ಥ. ಅಂಥವರು ಮೊದಲು ಕತ್ತರಿಸೋದು ಹಾಡನ್ನೇ. ಇನ್ನೊಂದು, ಕಪ್ಪು ಬಿಳುಪಿನಲ್ಲಿ ತೆಗೆದ ಸಿನಿಮಾಕ್ಕೆ ಆಮೇಲೆ ಬಣ್ಣ ಹಚ್ಚಿದ್ದು ಬೇಡ. ಕಪ್ಪು ಬಿಳುಪಿನದ್ದೇ ಬೇಕು. ಕಾರಣ ಮುಂದೆ ಹೇಳುತ್ತೇನೆ.

ಯಾವುದನ್ನು ಮೊದಲು ನೋಡಬೇಕು

ನಾನು ಮೊದಲ ಭಾನುವಾರ ಕಾಗಜ್ ಕೆ ಫೂಲ್ ಹಚ್ಚಿದ್ದೆ. ನನಗೆ ಪ್ರಾಣ ಅದು. ಆದರೆ ನಿಧಾನ, ಭಾರ. ಅರ್ಧಕ್ಕೇ ಮೂವರು ಎದ್ದು ಹೋದರು. ತಪ್ಪು ಆ ಸಿನಿಮಾದ್ದಲ್ಲ, ಮಕ್ಕಳದ್ದೂ ಅಲ್ಲ. ಹೊಲಿಗೆ ಕಲಿಯಲು ಬಂದವಳಿಗೆ ಮೊದಲ ದಿನವೇ ರೇಷ್ಮೆ ಕತ್ತರಿಸಲು ಕೊಡಬಾರದು, ಅಲ್ವಾ?

ಈಗ ನಾನು ಯಾವಾಗಲೂ ನಯಾ ದೌರ್ ನಿಂದ ಶುರು ಮಾಡುತ್ತೇನೆ. 1957ರದ್ದು. ಬಿ.ಆರ್. ಚೋಪ್ರಾ ನಿರ್ದೇಶನ, ದಿಲೀಪ್ ಕುಮಾರ್, ವೈಜಯಂತಿಮಾಲಾ. ಊರಿನಲ್ಲಿ ಟಾಂಗಾ ಓಡಿಸುವವರ ಹೊಟ್ಟೆ ಮೇಲೆ ಹೊಡೆಯಲು ಬಸ್ಸು ಬರುತ್ತದೆ. ಟಾಂಗಾನೋ ಬಸ್ಸೋ ಅಂತ ಪಂದ್ಯ ಬೀಳುತ್ತದೆ. ಪಂದ್ಯಕ್ಕೆ ಊರವರೇ ರಸ್ತೆ ಕಡಿಯುತ್ತಾರೆ. ಕಥೆ ಮಾತಿಲ್ಲದೆಯೂ ತಿಳಿಯುತ್ತದೆ. ವಾರದ ಮೊದಲೇ ಕೇಳಿಸಲು 'ಮಾಂಗ್ ಕೆ ಸಾಥ್ ತುಮ್ಹಾರಾ' ಹಾಡು ಇಟ್ಟುಕೊಳ್ಳಿ. ಓ.ಪಿ. ನಯ್ಯರ್ ಅವರ ಸಂಗೀತ, ತಾಳವೇ ಕುದುರೆ ಗೊರಸಿನ ಸದ್ದು. ಕೇಳುತ್ತಾ ಕೇಳುತ್ತಾ ನಮ್ಮ ಹುಡುಗಿಯೊಬ್ಬಳ ಸೂಜಿ ಅದೇ ಲಯಕ್ಕೆ ಓಡುತ್ತಿತ್ತು. ಸಿನಿಮಾ ಮುಗಿದ ಮೇಲೆ ಅವಳೇ ಕೇಳಿದಳು, "ಅಕ್ಕಾ, ರೆಡಿಮೇಡ್ ಬ್ಲೌಸ್ ಎಲ್ಲಾ ಕಡೆ ಬಂದಮೇಲೆ ನಮ್ಮದೂ ಟಾಂಗಾ ಕಥೆನೇ ಅಲ್ವಾ?" ಅವತ್ತು ಮಿಷನ್ನುಗಳ ಮಧ್ಯೆ ಕೂತು ರಾತ್ರಿ ಏಳರ ತನಕ ಮಾತಾಡಿದೆವು. ಅರವತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಸಿನಿಮಾ ಅದು, ನೆನಪಿರಲಿ.

ಎರಡನೆಯದು ದೋ ಬಿಘಾ ಜಮೀನ್. ಇದನ್ನು ಬಿಡಲೇಬೇಡಿ. ಬಿಮಲ್ ರಾಯ್ ನಿರ್ದೇಶನ, 1953. ಹಚ್ಚುವ ಮೊದಲು ಒಂದು ಲೆಕ್ಕ ಹೇಳಿ. ಬಿಘಾ ಅಂದರೆ ಎಷ್ಟು? ಬಂಗಾಳದ ಕಡೆ ಒಂದು ಬಿಘಾ ಅಂದರೆ ಎಕರೆಯ ಮೂರನೇ ಒಂದು ಭಾಗ. ಎರಡು ಬಿಘಾ ಅಂದರೆ ನಮ್ಮ ಲೆಕ್ಕದಲ್ಲಿ 26 ಗುಂಟೆ ಚಿಲ್ಲರೆ. ಗುಂಟೆಯಲ್ಲಿ ಹೇಳಿದ ತಕ್ಷಣ ಹರಿಹರದ ಹಳ್ಳಿಯಿಂದ ಬರುವ ಹುಡುಗಿ, "ನಮ್ಮದಕ್ಕಿಂತ ಕಮ್ಮಿ" ಅಂದಳು. ಅಷ್ಟು ಸಾಕು, ಸಿನಿಮಾ ಅವಳ ಮನೆಯದಾಯಿತು.

ಶಂಭು ಅನ್ನುವ ರೈತ. ಅವನ ಹೊಲ ಜಮೀನ್ದಾರನಿಗೆ ಬೇಕು, ಅಲ್ಲಿ ಮಿಲ್ಲು ಬರಬೇಕು. ಸಾಲ 65 ರೂಪಾಯಿ ಅಂತ ಶಂಭು ಅಂದುಕೊಂಡಿರುತ್ತಾನೆ. ಜಮೀನ್ದಾರನ ಪುಸ್ತಕದಲ್ಲಿ ಅದು 235. ಕೋರ್ಟು ಮೂರು ತಿಂಗಳ ಗಡುವು ಕೊಡುತ್ತದೆ. ಶಂಭು ಕಲ್ಕತ್ತಾಕ್ಕೆ ಹೋಗಿ ಕೈಗಾಡಿ ರಿಕ್ಷಾ ಎಳೆಯುತ್ತಾನೆ. ಬಲರಾಜ್ ಸಾಹ್ನಿ ಅವರ ಪಾತ್ರ ಅದು. ಓದಿದ ಮನುಷ್ಯ, ರೇಡಿಯೋದಲ್ಲಿ ಕೆಲಸ ಮಾಡಿದವರು. ಆ ಪಾತ್ರಕ್ಕೆ ಕಲ್ಕತ್ತಾದ ಬೀದಿಯಲ್ಲಿ ನಿಜವಾಗಿಯೂ ರಿಕ್ಷಾ ಎಳೆದು ಕಲಿತರು. ಅಲ್ಲೊಬ್ಬ ರಿಕ್ಷಾದವನು ಸಿಕ್ಕಿ ತನ್ನ ಕಥೆ ಹೇಳಿದನಂತೆ. ಅವನದೂ ಜಮೀನ್ದಾರನ ಕೈಗೆ ಸಿಕ್ಕಿದ ಎರಡು ಬಿಘಾ ಜಮೀನಿನ ಕಥೆಯೇ. ಮಕ್ಕಳಿಗೆ ನಾನು ಇಲ್ಲಿ ಒಂದೇ ಕೆಲಸ ಕೊಡುತ್ತೇನೆ. ಸಾಹ್ನಿ ಅವರ ಭುಜ ನೋಡಿ ಅನ್ನುತ್ತೇನೆ. ಟೈಲರಿಗೆ ಭುಜ ಎಲ್ಲಾ ಹೇಳುತ್ತದೆ. ಊರಿನಲ್ಲಿದ್ದಾಗ ಒಂದು ಥರ ಇರುತ್ತದೆ. ರಿಕ್ಷಾ ಹಿಡಿದು ಓಡಿ ಓಡಿ, ಕೊನೆಯ ಹೊತ್ತಿಗೆ ಅಂಗಿಯ ಭುಜದ ಹೊಲಿಗೆ ಮುಂದಕ್ಕೆ ಜಾರಿರುತ್ತದೆ. ಮೈಯೇ ಬಾಗಿದೆ.

ಕೊನೆಯ ದೃಶ್ಯದಲ್ಲಿ ಅವನ ಹೊಲದಲ್ಲಿ ಕಾರ್ಖಾನೆ ಎದ್ದಿದೆ, ಬೇಲಿ ಹಾಕಿದ್ದಾರೆ. ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಳ್ಳುತ್ತಾನೆ. ಕಾವಲಿನವನು ಗದರುತ್ತಾನೆ. ಮಣ್ಣು ಕೈಯಿಂದ ಸೋರಿ ಬೀಳುತ್ತದೆ.

ಇದನ್ನು ನೋಡಿದ ದಿನ ನಮ್ಮ ಬೀದಿಯ ಅಜ್ಜಿಯೊಬ್ಬರು ಬಂದಿದ್ದರು. ಅವರ ಯಜಮಾನರು ಹತ್ತಿ ಮಿಲ್ಲಿನಲ್ಲಿ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ನಮ್ಮಪ್ಪನ ಅಂಗಡಿಗೆ ಬಟ್ಟೆ ಕೊಡುತ್ತಿದ್ದವರೆಲ್ಲ ಮಿಲ್ಲಿನವರೇ, ಸಂಬಳದ ದಿನ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆಮೇಲೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಟಿವಿ ಆರಿಸಿದ ಮೇಲೂ ಅಜ್ಜಿ ಎದ್ದೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು. "ಮಿಲ್ಲು ಬರುವಾಗ ಹೊಲದವನು ಗೇಟಿನ ಹೊರಗೆ ನಿಂತು ಅತ್ತ. ಮಿಲ್ಲು ಮುಚ್ಚುವಾಗ ನಾವು ನಿಂತು ಅತ್ವಿ. ಗೇಟು ಅದೇನೇ."

ಈ ಸಿನಿಮಾಕ್ಕೆ 1954ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದನ್ನು ನಾನು ಹೇಳಲು ಮರೆತೇಬಿಟ್ಟಿದ್ದೆ ಅವತ್ತು.

ಆ ಕಾಲವನ್ನು ಹಿಂದಿ ಸಿನಿಮಾದ ಸ್ವರ್ಣಯುಗ ಅಂತ ಯಾಕೆ ಅನ್ನುತ್ತಾರೆ ಅಂತ ಕೇಳಿದರೆ ನಾನು ಇದನ್ನೇ ತೋರಿಸೋದು. ಸ್ವಾತಂತ್ರ್ಯ ಬಂದ ಹೊಸತು. ದೇಶ ಒಡೆದು ಲಾಹೋರಿನಿಂದ, ರಾವಲ್ಪಿಂಡಿ ಕಡೆಯಿಂದ ಬಂದವರು, ಕಲ್ಕತ್ತಾದಿಂದ ಬಂದವರು, ಲಕ್ನೋದವರು ಬೊಂಬಾಯಿಯಲ್ಲಿ ಒಟ್ಟಿಗೆ ಕೂತು ಕೆಲಸ ಮಾಡಿದರು. ಸಾಹಿರ್, ಶೈಲೇಂದ್ರ, ಕೈಫಿ ಥರದ ಕವಿಗಳು ಹಾಡು ಬರೆದರು. ಹೊಲ ಯಾರದು, ಮಿಷನ್ ಬಂದರೆ ಯಾರ ಊಟ ಹೋಗುತ್ತದೆ, ಬಡವನ ಹಾಡಿಗೆ ಬೆಲೆ ಯಾರು ಕೊಡುತ್ತಾರೆ ಅನ್ನುವ ಪ್ರಶ್ನೆಗಳನ್ನು ಟಿಕೆಟ್ ತೆಗೆದುಕೊಂಡು ಬಂದ ಮಾಮೂಲಿ ಜನರ ಮುಂದೆ ಇಟ್ಟರು.

ಬೆಳಕು ನೋಡೋದು

ಮೂರನೆಯದಾಗಿ ಪ್ಯಾಸಾ, 1957. ಇಲ್ಲಿಗೆ ಬರುವ ಹೊತ್ತಿಗೆ ಕಣ್ಣು ಪಳಗಿರುತ್ತದೆ. ಇದನ್ನು ನಿರ್ದೇಶಿಸಿದ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರಲ್ಲಿ. ಮನೆ ಹೆಸರು ಪಡುಕೋಣೆ. ಅವರ ಕ್ಯಾಮೆರಾಮನ್ ವಿ.ಕೆ. ಮೂರ್ತಿ ನಮ್ಮ ಮೈಸೂರಿನವರು. ಕ್ಯಾಮೆರಾ ಕಲಿತಿದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಕ್ಯಾಮೆರಾ ಕೆಲಸಕ್ಕಾಗಿಯೇ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲಿಗರು ಅವರು. ಇದನ್ನು ಕೇಳಿದ ಮೇಲೆ ಹುಡುಗಿಯರು ಹೆಸರು ತೋರಿಸುವ ಭಾಗವನ್ನು ಓಡಿಸೋದು ಬಿಟ್ಟರು. ರಾಜ್ ಕಪೂರ್ ಅವರ ಆವಾರಾದಲ್ಲಿ ತಾಯಿಯ ಪಾತ್ರ ಮಾಡಿದ ಲೀಲಾ ಚಿಟ್ನಿಸ್ ಧಾರವಾಡದಲ್ಲಿ ಹುಟ್ಟಿದವರು. ಪೈಗಾಮ್‌ನಲ್ಲಿ ದಿಲೀಪ್ ಕುಮಾರ್ ಜೊತೆ ನಮ್ಮ ಬಿ. ಸರೋಜಾದೇವಿ ಇದ್ದಾರೆ. ಒಬ್ಬೊಬ್ಬರೇ ಸಿಕ್ಕಾಗ ಜಾತ್ರೆಯಲ್ಲಿ ನೆಂಟರು ಸಿಕ್ಕ ಹಾಗೆ ಕೂಗುತ್ತಾರೆ.

ಮೂರ್ತಿಯವರ ಬೆಳಕು ಕಾಣಬೇಕು ಅಂದರೆ ಹೀಗೆ ಮಾಡಿ. ಕಾಗಜ್ ಕೆ ಫೂಲ್ ಪೂರ್ತಿ ಬೇಡ, 'ವಕ್ತ್ ನೆ ಕಿಯಾ' ಹಾಡು ಮಾತ್ರ ಹಚ್ಚಿ. ಮೊದಲ ಸಲ ಗೀತಾ ದತ್ ಅವರ ದನಿ ಕೇಳಿ. ಎರಡನೇ ಸಲ ಸದ್ದು ಪೂರ್ತಿ ಆರಿಸಿ. ಖಾಲಿ ಸ್ಟುಡಿಯೋ, ಮೇಲಿನಿಂದ ಕಂಬದ ಹಾಗೆ ಇಳಿಯುವ ಬೆಳಕು, ಅದರಲ್ಲಿ ತೇಲುವ ಧೂಳು. ಹೊರಗಿನ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು, ಒಳಗೆ ಇನ್ನೊಂದು ಕನ್ನಡಿಗೆ ಬೀಳಿಸಿ ಆ ಕಂಬ ಮಾಡಿದ್ದು. ನಾವೂ ಮಾಡಿ ನೋಡಿದೆವು. ಟ್ರಯಲ್ ರೂಮಿನ ಕನ್ನಡಿ ತೆಗೆದು ಬಾಗಿಲಲ್ಲಿ ಬಿಸಿಲಿಗೆ ಹಿಡಿದೆವು. ಒಳಗೊಬ್ಬಳು ಕೈಕನ್ನಡಿ ಹಿಡಿದಳು. ಇಂಟರ್‌ಲಾಕ್ ಮಿಷನ್ ಕೆಳಗಿನ ನೂಲಿನ ಧೂಳನ್ನು ಒಬ್ಬಳು ಕೊಡವಿದಳು. ನಮ್ಮ ಹತ್ತಡಿ ಕೋಣೆಯಲ್ಲಿ ಬೆಳಕಿನ ಕಂಬ ನಿಂತಿತು. ಯಾರೂ ಮಾತಾಡಲಿಲ್ಲ. ಅದಾದ ಮೇಲೆ ಆ ಸಿನಿಮಾ ಪೂರ್ತಿ ಹಚ್ಚಿದರೆ ಒಬ್ಬರೂ ಏಳುವುದಿಲ್ಲ.

(ಒಂದು ಮಾತು. ಇದು ಭಾರತದ ಮೊದಲ ಸಿನಿಮಾಸ್ಕೋಪ್ ಸಿನಿಮಾ, 1959. ಚಿತ್ರ ಅಗಲ. ಹಾಗಾಗಿ ಇದಕ್ಕೆ 4:3 ಬೇಡ, ರಿಮೋಟ್ ಮತ್ತೆ ಬದಲಾಯಿಸಿ.)

ಬಟ್ಟೆ ನೋಡೋದು

ಕಪ್ಪು ಬಿಳುಪು ಅಂದರೆ ಬಣ್ಣ ಇಲ್ಲದ್ದು ಅಂತ ಹುಡುಗಿಯರು ತಿಳಿದಿದ್ದರು. ಒಂದು ಕೆಂಪು, ಒಂದು ಹಸಿರು ಬ್ಲೌಸ್ ಪೀಸು ಪಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಸಿದೆ. ಎರಡೂ ಹೆಚ್ಚುಕಡಿಮೆ ಒಂದೇ ಬೂದು. ಆಮೇಲೆ ಒಂದು ಮಾಸಿದ ಬಿಳಿ ಕಾಟನ್, ಒಂದು ಬಿಳಿ ಸ್ಯಾಟಿನ್. ಕಣ್ಣಿಗೆ ಎರಡೂ ಬಿಳಿ, ಫೋಟೋದಲ್ಲಿ ಹಗಲು ರಾತ್ರಿ ವ್ಯತ್ಯಾಸ. ಅಂದರೆ ಆ ಕಾಲದಲ್ಲಿ ಬಟ್ಟೆ ಆರಿಸಿದವರು ಬಣ್ಣ ನಂಬುವ ಹಾಗಿರಲಿಲ್ಲ. ಹೊಳಪು, ನೆರಿಗೆ, ಅಂಚು ನಂಬಿದರು. ಇದಕ್ಕೇ ನಾನು ಆಮೇಲೆ ಬಣ್ಣ ಹಚ್ಚಿದ್ದು ಬೇಡ ಅಂದಿದ್ದು. ಸಾಹಿಬ್ ಬೀಬಿ ಔರ್ ಗುಲಾಮ್ ನೋಡುವಾಗ ಮೀನಾ ಕುಮಾರಿ ಅವರ ಸೀರೆ ಅಂಚನ್ನೇ ಹಿಂಬಾಲಿಸಿ. ಬಟ್ಟೆ ಭಾನು ಅಥೈಯಾ ಅವರದ್ದು. ಮುಂದೆ ಗಾಂಧಿ ಸಿನಿಮಾಕ್ಕೆ ಆಸ್ಕರ್ ತಂದವರು. ಕೊಲ್ಹಾಪುರದ ಹೆಣ್ಣುಮಗಳು.

ಮೊಘಲ್-ಎ-ಆಜಮ್ (1960) ಎರಡು ಭಾನುವಾರ ಮಾಡಿ. ಕೆ. ಆಸಿಫ್ ಅದನ್ನು ಮುಗಿಸಲು ವರ್ಷಗಟ್ಟಲೆ ತೆಗೆದುಕೊಂಡರು, ನಾವು ಎರಡು ವಾರ ಕೊಡಬಹುದು. ಬಟ್ಟೆ ಹೊಲಿಯಲು ದೆಹಲಿಯಿಂದ ದರ್ಜಿಗಳನ್ನು, ಕಸೂತಿಗೆ ಸೂರತ್ ಕಡೆಯವರನ್ನು ಕರೆಸಿದ್ದರು. ಮೂಲದಲ್ಲಿ ಬಹುಪಾಲು ಕಪ್ಪು ಬಿಳುಪು. ಮಧುಬಾಲಾ ಶೀಷ್ ಮಹಲ್‌ನಲ್ಲಿ ಕುಣಿಯುವ ಹಾಡಿಗೆ ಬರುವಾಗ ಇದ್ದಕ್ಕಿದ್ದಂತೆ ಬಣ್ಣ ಬರುತ್ತದೆ. 2004ರಲ್ಲಿ ಪೂರ್ತಿ ಬಣ್ಣ ಹಚ್ಚಿ ಬಿಟ್ಟರು. ಅದನ್ನು ನೋಡಿದರೆ ಈ ಬೆರಗು ಸಿಗೋದಿಲ್ಲ. ಮೂಲವನ್ನು ನೋಡುವಾಗ ನಮ್ಮ ಖಾಲಾ ಬಾಯಿಗೆ ಸೆರಗು ಹಿಡಿದು "ಯಾ ಅಲ್ಲಾ" ಅಂದರು. ಅವರು ಅದಕ್ಕೆ ಮೊದಲು ನೋಡಿದ್ದು ಬಣ್ಣದ್ದಂತೆ.

ನರ್ಗೀಸ್ ಸರದಿ

ಮದರ್ ಇಂಡಿಯಾವನ್ನು ಕೊನೆಗೆ ಇಡಿ. ಊಟ ಮುಗಿಸಿ ಎರಡಕ್ಕೆ ಶುರು ಮಾಡಿದರೆ ಐದರ ಒಳಗೆ ಮುಗಿಯುತ್ತದೆ. ಮಂಡಕ್ಕಿ ಮಧ್ಯದ ಬಿಡುವಿನಲ್ಲಿ ಮಾತ್ರ. ಅದರ ಕುರುಕುರು ಸದ್ದಿಗೆ ಮಾತು ಕೇಳೋದಿಲ್ಲ, ಎಣ್ಣೆ ಕೈ ಬಟ್ಟೆಗೆ ತಾಗುತ್ತದೆ.

ಮೆಹಬೂಬ್ ಖಾನ್ ನಿರ್ದೇಶನ, 1957. ಆಸ್ಕರ್‌ನಲ್ಲಿ ವಿದೇಶಿ ಭಾಷೆಯ ಸಿನಿಮಾಗಳ ಕೊನೆಯ ಪಟ್ಟಿಗೆ ಹೋದ ನಮ್ಮ ದೇಶದ ಮೊದಲ ಸಿನಿಮಾ. ಹಚ್ಚುವ ಮೊದಲು ವಯಸ್ಸು ಹೇಳಬೇಡಿ, ಆಮೇಲೆ ಹೇಳಿ. ನರ್ಗೀಸ್ ಆಗ ಇಪ್ಪತ್ತೆಂಟರ ಹೆಣ್ಣು. ಅವರ ಮಗನಾಗಿ ನಟಿಸಿದ ಸುನೀಲ್ ದತ್ ಹುಟ್ಟಿದ್ದೂ 1929ರ ಜೂನ್ ತಿಂಗಳಲ್ಲೇ, ಐದು ದಿನ ಆಚೀಚೆ. ನಮ್ಮವರು ನಂಬಲಿಲ್ಲ. ಮತ್ತೆ ಮೊದಲಿನಿಂದ ಹಚ್ಚಿ ಮುದುಕಿಯ ಭುಜ ನೋಡೋಣ ಅಂದರು. ಭುಜ ನೋಡೋದು ಈಗ ಅವರಿಗೆ ಬಂದಿದೆ.

ಸಿನಿಮಾ ತೆರೆಯೋದೇ ಆ ಮುದುಕಿಯಿಂದ. ಹೊಲದಲ್ಲಿ ಕೂತು ಒಂದು ಮಣ್ಣಿನ ಹೆಂಟೆ ಎತ್ತಿ ಹಿಡಿದಿರುತ್ತಾಳೆ. ಹರಿಹರದ ಕಡೆಯ ಹುಡುಗಿ ರಿಮೋಟ್ ಕಿತ್ತುಕೊಂಡು ಅಲ್ಲೇ ನಿಲ್ಲಿಸಿದಳು.

"ಅಕ್ಕಾ, ಶಂಭು ಕೈಯಿಂದ ಬಿತ್ತಲ್ಲ, ಆ ಮಣ್ಣು ಇಲ್ಲಿದೆ."